ದಾದುನ ಕೌದಿ, ನನ್ನ ಲೆನ್ಸು

ನಮ್ಮ ನಡುಮನೆಯ ಗೋಡೆಗೆ ಹೋದ ವರ್ಷದ ಕ್ಯಾಲೆಂಡರೊಂದು ಇನ್ನೂ ನೇತಾಡುತ್ತಿದೆ. ಅದರ ತಾರೀಕುಗಳೆಲ್ಲ ಮುಗಿದುಹೋಗಿವೆ. ಅಮಾವಾಸ್ಯೆ ಯಾವಾಗ, ಹಬ್ಬ ಯಾವಾಗ ಎಂದು ನೋಡಲು ಹೊಸದೊಂದು ಪಕ್ಕದಲ್ಲೇ ಇದೆ. ಹಳೆಯದನ್ನು ಇಳಿಸಿ ಪುಸ್ತಕಗಳಿಗೆ ರಟ್ಟು ಹಾಕಿಕೊಳ್ಳೋಣವೆಂದು ನಾನು ಎರಡು ಸಲ ಕುರ್ಚಿ ಹತ್ತಿದ್ದೇನೆ. ಎರಡು ಸಲವೂ ಹೆಂಡತಿ ಅಡುಗೆಮನೆಯಿಂದಲೇ, ಅದನ್ನು ಮುಟ್ಟಿದರೆ ಮಧ್ಯಾಹ್ನದ ರೊಟ್ಟಿ ನೀವೇ ಬಡಿದುಕೊಳ್ಳಿ ಎಂದು ಹೇಳಿ ನನ್ನನ್ನು ಕೆಳಗಿಳಿಸಿದ್ದಾಳೆ. ಮನೆಗೆ ಬಂದವರು ನೀರು ಕುಡಿಯುತ್ತ ಆ ಚಿತ್ರ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ನಗುತ್ತಾರೆ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಹೊಟ್ಟೆಕಿಚ್ಚಿನ ಕಥೆಯನ್ನು ಕೇಳಬೇಕು. ಅವಳು ಹೇಳಿದರೆ ಇನ್ನೂ ನಾಲ್ಕು ಸೇರಿಸಿ ಹೇಳುತ್ತಾಳೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ನನ್ನ ಗೆಳೆಯ ದಾದಾಪೀರ, ಊರವರಿಗೆಲ್ಲ ದಾದು, ಅದೇ ಊರಿನ ಬಜಾರದಲ್ಲಿ ಟೇಲರ್. ಇಬ್ಬರೂ ಮೂಲತಃ ಶಿಗ್ಲಿಯವರು, ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರು. ನಾವಿಬ್ಬರೂ ಈಗ ಭಾನುವಾರ ಬೆಳಿಗ್ಗೆ ಹಕ್ಕಿಗಳ ಫೋಟೋ ತೆಗೆಯಲು ಹೋಗುತ್ತೇವೆ ಎಂದರೆ ಶಿಗ್ಲಿಯ ಹಿರಿಯರು ನಂಬುವುದಿಲ್ಲ. ಅವರು ಕಂಡದ್ದು ಬೇರೆ. ಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ನಮ್ಮಿಬ್ಬರನ್ನೂ ಹಕ್ಕಿ ಓಡಿಸಲು ಹೊಲಕ್ಕೆ ಅಟ್ಟುತ್ತಿದ್ದರು. ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ನಿಂತು, ಕವಣೆ ಬೀಸಿ, ಗಂಟಲು ಹರಿಯುವಂತೆ ಕೂಗುವುದೇ ನಮ್ಮ ಕೆಲಸ. ಆಗ ಯಾವ ಹಕ್ಕಿಯಾದರೂ ನಮಗೆ ವೈರಿ. ಅದರ ಬಣ್ಣ ಯಾವುದು, ಕೊಕ್ಕು ಎಂಥದು ಎಂದು ಯಾರು ನೋಡಿದರು?

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಅಟ್ಟದ ಮೇಲೆಯೇ. ದಾದು ಬೀಸಿದ ಕಲ್ಲು ಹಿಂಡಿನ ನಟ್ಟನಡುವೆ ಹೋಗಿ ಬೀಳುತ್ತಿತ್ತು. ನಾನು ಬೀಸಿದ್ದು ಒಂದು ಸಲ ನಮ್ಮ ಅಜ್ಜನ ನೀರಿನ ಗಡಿಗೆಗೆ ಬಿತ್ತು, ಇನ್ನೊಂದು ಸಲ ನಮ್ಮದೇ ಎತ್ತಿನ ಬೆನ್ನಿಗೆ. ಅಜ್ಜ ಸಂಜೆ ಊಟಕ್ಕೆ ಕುಳಿತಾಗಲೆಲ್ಲ ದಾದುನ ಕೈಯನ್ನು ಹೊಗಳುತ್ತಿದ್ದ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಆ ತುತ್ತುಗಳು ಹೊಟ್ಟೆಯಲ್ಲಿ ಇನ್ನೂ ಪೂರ್ತಿ ಕರಗಿಲ್ಲವೆಂದು ಕಾಣುತ್ತದೆ.

ಮುಂದೆ ನಾನು ಓದಿ ಮಾಸ್ತರನಾದೆ, ಅವನು ಕತ್ತರಿ ಹಿಡಿದ. ಲೆಕ್ಕ ಸರಿಹೋಯಿತು ಎಂದುಕೊಂಡು ಬಹಳ ವರ್ಷ ನೆಮ್ಮದಿಯಿಂದಿದ್ದೆ. ಆಮೇಲೆ ನನಗೆ ಈ ಕ್ಯಾಮೆರಾದ ಹುಚ್ಚು ಹತ್ತಿತು. ಹುಬ್ಬಳ್ಳಿಗೆ ಹೋಗಿ ಒಳ್ಳೆಯ ಕ್ಯಾಮೆರಾ ತಂದೆ, ಅದಕ್ಕೆ ಮೊಣಕೈಯಷ್ಟು ಉದ್ದದ ಲೆನ್ಸು ತಂದೆ, ಮೂರು ಕಾಲಿನ ಸ್ಟ್ಯಾಂಡು ತಂದೆ. ಮಾಗಡಿ ಕೆರೆಗೆ ಒಬ್ಬನೇ ಹೋಗಲು ಬೇಸರವೆಂದು ದಾದುನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅದೇ ನಾನು ಮಾಡಿದ ತಪ್ಪು. ಎರಡನೆಯ ಭಾನುವಾರ ಅವನೂ ಒಂದು ಕ್ಯಾಮೆರಾ ತಂದ. ಮುಚ್ಚಿಹೋದ ಯಾವುದೋ ಸ್ಟುಡಿಯೋದವರು ಬಳಸಿ ಬಿಟ್ಟ ಸಣ್ಣ ಕ್ಯಾಮೆರಾ, ಅದರ ಪಟ್ಟಿ ಹರಿದಿತ್ತು. ಪೈಜಾಮಕ್ಕೆ ಹಾಕುವ ಲಾಡಿಯಿಂದ ಹೊಸ ಪಟ್ಟಿ ಹೊಲಿದುಕೊಂಡಿದ್ದ.

ಮಾಗಡಿ ಕೆರೆಯನ್ನು ನೀವು ನೋಡಿರಬಹುದು, ಶಿರಹಟ್ಟಿಯಿಂದ ದೂರವಿಲ್ಲ. ಚಳಿ ಶುರುವಾಗುತ್ತಲೇ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬಂದು ಇಳಿಯುತ್ತವೆ. ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು ಬೆಳಗಾಗುತ್ತಲೇ ಕೆರೆಗೆ ಮರಳುತ್ತವೆ. ನೂರಾರು ಹಕ್ಕಿಗಳು ಒಟ್ಟಿಗೆ ಮಾತಾಡುತ್ತ ತಲೆಯ ಮೇಲೆ ಹಾದುಹೋಗುವಾಗ ಎಂಥ ಗಣಿತದ ಮಾಸ್ತರನಾದರೂ ಎಣಿಸುವುದನ್ನು ಬಿಟ್ಟು ಬಾಯಿ ತೆರೆದು ನಿಲ್ಲುತ್ತಾನೆ. ನಾನೂ ಹಾಗೆ ನಿಂತೆ. ಆ ಹೊತ್ತಿನಲ್ಲಿ ದಾದು ಹನ್ನೊಂದು ಫೋಟೋ ತೆಗೆದಿದ್ದ.

ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಹೀಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ತನ್ನ ಕ್ಯಾಮೆರಾದ ಕಾರ್ಡನ್ನು ನನ್ನ ಮನೆಗೆ ತರುತ್ತಿದ್ದ. ಅದನ್ನು ನಾನೇ ನನ್ನ ಕಂಪ್ಯೂಟರಿಗೆ ಹಾಕಿ ಅವನ ಚಿತ್ರಗಳನ್ನು ಒಂದೊಂದಾಗಿ ತೆರೆಯಬೇಕು. ನನ್ನ ಹೆಂಡತಿ ಚಹಾ ಹಿಡಿದು ಹಿಂದೆ ನಿಲ್ಲುತ್ತಿದ್ದಳು. ನನ್ನ ಚಿತ್ರಗಳು ಬಂದಾಗ ಅವಳು "ಚಲೋ ಐತ್ರಿ" ಎನ್ನುತ್ತಿದ್ದಳು. ದಾದುನವು ಬಂದಾಗ ಏನೂ ಅನ್ನುತ್ತಿರಲಿಲ್ಲ, ಚಹಾ ಆರುತ್ತಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಆ ಮೌನದ ಅರ್ಥ ಆಗದೇ ಇರುತ್ತದೆಯೇ?

ನನ್ನ ಬಾತು ಅಲುಗಾಡದೆ ನಿಂತಿರುತ್ತಿತ್ತು, ಆಧಾರ್ ಕಾರ್ಡಿಗೆ ಫೋಟೋ ಕೊಡಲು ಬಂದವರ ಹಾಗೆ. ದಾದುನ ಬಾತು ನೀರಿನಿಂದ ಮೇಲೇಳುತ್ತಿರುತ್ತಿತ್ತು, ಕಾಲಿನಿಂದ ಹನಿಗಳು ಉದುರುತ್ತಿರುತ್ತಿದ್ದವು. ನಾನು ಕಪ್ಪತಗುಡ್ಡದ ಸೂರ್ಯೋದಯ ತೆಗೆದರೆ ಮೂಲೆಯಲ್ಲಿ ಗಾಳಿಯಂತ್ರದ ಅರ್ಧ ರೆಕ್ಕೆ ನುಗ್ಗಿರುತ್ತಿತ್ತು. ಅವನೂ ಅದೇ ಗುಡ್ಡವನ್ನು, ಅದೇ ಹೊತ್ತಿನಲ್ಲಿ, ನನ್ನಿಂದ ನಾಲ್ಕು ಮಾರು ಆಚೆ ನಿಂತು ತೆಗೆದಿದ್ದ. ಅವನ ಚಿತ್ರದಲ್ಲಿ ಗಾಳಿಯಂತ್ರದ ತುದಿಯಲ್ಲಿ ಒಂದು ಗಿಡುಗ ಕುಳಿತಿತ್ತು. ಅದು ನನಗೆ ಯಾಕೆ ಕಾಣಲಿಲ್ಲವೋ ದೇವರೇ ಬಲ್ಲ.

ಒಮ್ಮೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಹಕ್ಕಿ ಹಾರುವ ಕ್ಷಣ ನಿನಗೆ ಹೇಗೆ ಗೊತ್ತಾಗುತ್ತದೆ ಎಂದು. ನಾನು ಆ ವಿಷಯವಾಗಿ ಎರಡು ಪುಸ್ತಕ ಓದಿದ್ದೆ, ಶಟರಿನ ವೇಗದ ಕೋಷ್ಟಕವನ್ನು ಬಾಯಿಪಾಠ ಮಾಡಿದ್ದೆ. ದಾದು ಅಂಗಿಯ ತೋಳಿಗೆ ಟಾಕು ಹಾಕುತ್ತಿದ್ದವನು ತಲೆ ಎತ್ತದೆಯೇ ಹೇಳಿದ:

"ಹೆಗಲ ನೋಡಲೇ ಮಾಸ್ತರ. ಹಾರೋಕಿಂತ ಮೊದಲ ಹೆಗಲ ತಗ್ಗಸತೈತಿ. ಅಳತಿ ಕೊಡಾಕ ನಿಂತ ಮನಶಾ ಕೈ ಎತ್ತೋಕಿಂತ ಮೊದಲ ಮಾಡ್ತಾನಲ್ಲ, ಹಂಗ."

ಮೂವತ್ತು ವರ್ಷ ಜನರ ಹೆಗಲಿಗೆ ಟೇಪು ಹಿಡಿದವನ ಕಣ್ಣು ಅದು. ನಾನು ಮುಂದಿನ ಭಾನುವಾರ ಹೆಗಲನ್ನೇ ನೋಡುತ್ತ ಕುಳಿತೆ. ಹಕ್ಕಿಗೆ ಹೆಗಲು ಎಲ್ಲಿರುತ್ತದೆಂದು ಗೊತ್ತಾಗುವಷ್ಟರಲ್ಲಿ ಹಕ್ಕಿಯೇ ಇರಲಿಲ್ಲ.

ನನಗೆ ಒಂದೇ ಒಂದು ಚಿತ್ರದ ಆಸೆಯಿತ್ತು, ನೀಲಕಂಠದ್ದು. ತಂತಿಯ ಮೇಲೆ ಕುಳಿತಾಗ ಅದು ಮಣ್ಣಿನ ಬಣ್ಣದ ಬಡಪಾಯಿ ಹಕ್ಕಿ, ಯಾರೂ ತಿರುಗಿ ನೋಡುವುದಿಲ್ಲ. ಹಾರಿದಾಗ ಮಾತ್ರ ರೆಕ್ಕೆಯೊಳಗಿನ ನೀಲಿಯೆಲ್ಲ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚುವ ಗಳಿಗೆ ನನಗೆ ಬೇಕಿತ್ತು. ಮೂರು ಚಳಿಗಾಲ ಅದರ ಹಿಂದೆ ಬಿದ್ದೆ. ಬಿಚ್ಚುವ ಮುಂಚಿನ ಮಣ್ಣುಬಣ್ಣ ಸಿಕ್ಕಿತು, ಹಾರಿಹೋದ ಮೇಲಿನ ಬರೀ ತಂತಿ ಸಿಕ್ಕಿತು. ನಡುವಿನದು ಸಿಗಲಿಲ್ಲ. ಬೇರೆ ಏನು ಬೇಕಾದರೂ ದಾದು ತೆಗೆಯಲಿ, ಇದೊಂದು ನನಗಿರಲಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ.

ಹಕ್ಕಿಗಳಿಗೆ ಕಾಣದಂತೆ ಅಡಗಿ ಕೂರಬೇಕೆಂದು ಪುಸ್ತಕದಲ್ಲಿತ್ತು. ಹಸಿರು ಎಲೆಗಳನ್ನು ಅಚ್ಚು ಹಾಕಿದ ದೊಡ್ಡ ಬಟ್ಟೆಯೊಂದನ್ನು ತರಿಸಿ, ಅದನ್ನು ಹೊದ್ದು ಕೆರೆ ಮಗ್ಗುಲಿನ ಹೊಲದಲ್ಲಿ ಕುಳಿತೆ. ಶೇಂಗಾ ಕಿತ್ತು ಮುಗಿದ ಹೊಲ, ಕಣ್ಣು ಹಾಯುವವರೆಗೂ ಮಣ್ಣು ಮತ್ತು ಒಣ ಹೊಟ್ಟು. ಅಂಥಲ್ಲಿ ನಾನೊಬ್ಬನೇ ದಟ್ಟ ಹಸಿರಾಗಿ ಕುಳಿತಿದ್ದೆ. ಹಕ್ಕಿಗಳು ಆ ಕಡೆ ಸುಳಿಯಲಿಲ್ಲ. ಒಂದು ಆಡು ಮಾತ್ರ ಬಹಳ ದೂರದಿಂದ ನನ್ನನ್ನು ಗುರುತಿಸಿ ನೇರವಾಗಿ ಬಂತು, ನನ್ನ ಎಡ ಮೊಣಕೈಯ ಹತ್ತಿರದ ಎಲೆಗಳನ್ನು ರುಚಿ ನೋಡಿತು. ದಾದು ಹೊಟ್ಟೆ ಹಿಡಿದುಕೊಂಡು ನಕ್ಕ, ಆದರೆ ಅದರ ಫೋಟೋ ತೆಗೆಯಲಿಲ್ಲ. ಅಷ್ಟರ ಮಟ್ಟಿಗೆ ಅವನು ದೊಡ್ಡ ಮನುಷ್ಯ.

ಆ ವಾರದಲ್ಲೇ ಅವನು ತನ್ನ ಅಂಗಡಿಯ ಚಿಂದಿ ಗಂಟನ್ನು ಬಿಚ್ಚಿದ. ಬೂದಿ, ಕಂದು, ಕಪ್ಪು, ಮಾಸಿದ ಖಾಕಿ ತುಂಡುಗಳನ್ನು ಆರಿಸಿ, ನನ್ನ ಹಳೆಯ ಪ್ಯಾಂಟೊಂದನ್ನೂ ನಮ್ಮ ಮನೆಯಿಂದ ತರಿಸಿಕೊಂಡು ಕತ್ತರಿಸಿ, ಎಲ್ಲ ಸೇರಿಸಿ ಒಂದು ಕೌದಿ ಹೊಲಿದ. ಹೊದೆಯುವ ಕೌದಿಯಂತೆ ದಪ್ಪವಿಲ್ಲ, ಅದಕ್ಕೆ ತಲೆಗೆ ಹಾಕಿಕೊಳ್ಳುವ ಕೊಪ್ಪೆಯೂ ಇತ್ತು. ಅದನ್ನು ಹೊದ್ದು ಹೊಲದಲ್ಲಿ ಕುಳಿತರೆ ಬುಡಕ್ಕೇ ಬಂದು ನಿಂತ ರೈತನಿಗೂ ನಾನು ಕಾಣುತ್ತಿರಲಿಲ್ಲ. ದಾದು ಅದನ್ನು ನನಗೆ ಕೊಟ್ಟು ತಾನು ಬರೀ ಅಂಗಿಯಲ್ಲಿ ದೂರದ ಬದುವಿನ ಮೇಲೆ ಕೂರುತ್ತಿದ್ದ. ನನಗೆ ಆಗಲೂ ಅವನ ಮೇಲೆ ಪ್ರೀತಿ ಬರಲಿಲ್ಲ. ಇಂಥ ಉಪಾಯ ನನಗೆ ಹೊಳೆಯದೆ ಇವನಿಗೇ ಯಾಕೆ ಹೊಳೆಯಬೇಕು ಎಂದು ಸಿಟ್ಟು ಬಂತು.

ಹೀಗಿರುವಾಗ ಶಿರಹಟ್ಟಿಯ ಬೀಜದಂಗಡಿಯ ಈರಣ್ಣ ಒಂದು ಸುದ್ದಿ ಹೇಳಿದ. ಪ್ರತಿ ವರ್ಷ ಅವನು ತನ್ನ ಗಿರಾಕಿಗಳಿಗೆ ದೇವರ ಚಿತ್ರದ ಕ್ಯಾಲೆಂಡರ್ ಹಂಚುತ್ತಾನೆ. ಈ ಸಲ ನಮ್ಮ ಸೀಮೆಯ ಹಕ್ಕಿಯದೇ ಚಿತ್ರ ಹಾಕಿಸೋಣ ಎಂದು ಅವನಿಗೆ ಅನ್ನಿಸಿತಂತೆ. ಗದಗಿನ ಪ್ರೆಸ್ಸಿನವರಿಗೆ ಕೊಡಬೇಕು, ನಿಮ್ಮದೊಂದು, ದಾದುನದೊಂದು ಕಳಿಸಿಕೊಡಿ, ಎರಡರಲ್ಲಿ ಒಂದನ್ನು ಆರಿಸುತ್ತೇನೆ ಎಂದ. ನಗಬೇಡಿ. ಸುತ್ತಮುತ್ತಲಿನ ಹಳ್ಳಿಗಳ ಪ್ರತಿ ಮನೆಯ ಗೋಡೆಯ ಮೇಲೆ ವರ್ಷವಿಡೀ ನನ್ನ ಹೆಸರು ಇರುತ್ತದೆಂದರೆ ಸಣ್ಣ ಮಾತೇ? ಶಿಗ್ಲಿಯಲ್ಲಿ ಅಜ್ಜ ಒರಗಿ ಕುಳಿತು ಉಣ್ಣುತ್ತಿದ್ದ ಗೋಡೆಯ ಮೇಲೂ ಅದು ಇರುತ್ತಿತ್ತು.

ದಾದುಗೆ ಹೇಳಿದೆ. ಅವನು ಕಾರ್ಡು ತಂದುಕೊಟ್ಟು, "ಯಾವುದಾರ ಒಂದು ನೀನಽ ಆರಿಸಿ ಕಳಸು, ನನಗೇನ ತಿಳೀತೈತಿ" ಎಂದು ಹೋಗಿಬಿಟ್ಟ. ಅವನಿಗೆ ಮದುವೆಯ ಬಟ್ಟೆಗಳ ಗಡಿಬಿಡಿಯಿತ್ತು, ಅದಕ್ಕೇ ಎರಡು-ಮೂರು ವಾರದಿಂದ ಅವನ ಹೊಸ ಚಿತ್ರಗಳನ್ನು ನಾವು ತೆರೆದು ನೋಡಿರಲಿಲ್ಲ.

ಅವನ ಅತ್ಯುತ್ತಮ ಚಿತ್ರ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂಡರಗಿಯ ಕಡೆ ಹಮ್ಮಿಗಿಯ ಹೊಳೆದಂಡೆಯಲ್ಲಿ ತೆಗೆದದ್ದು. ಸಿಂಗಟಾಲೂರಿನ ಬ್ಯಾರೇಜಿಗೆ ತಡೆದು ನಿಂತ ನೀರು, ಅದರ ಮೇಲೆ ಕಪ್ಪು-ಬಿಳುಪಿನ ಮಿಂಚುಳ್ಳಿ, ಬಾಯಲ್ಲಿ ಮೀನು, ಮೀನಿನ ಬಾಲದಿಂದ ಜಾರುವ ಒಂದೇ ಒಂದು ಹನಿ. ಆ ಚಿತ್ರ ಹೋದರೆ ನನ್ನ ಬಾತು ಗೋಡೆ ಏರುವ ಮಾತೇ ಇಲ್ಲ. ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕುಳಿತೆ. ಆಮೇಲೆ ಆ ಕಾರ್ಡಿನಲ್ಲಿ ಎಲ್ಲಕ್ಕಿಂತ ಕಳಪೆ ಚಿತ್ರ ಯಾವುದೆಂದು ಹುಡುಕತೊಡಗಿದೆ. ಹೌದು, ಬೇಕೆಂತಲೇ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮಾಡಿದರೆ ಹೊರಗೆ ನಿಲ್ಲಿಸುವಂಥ ಕೆಲಸವನ್ನು ನಾನು ಕನ್ನಡಕ ಒರೆಸಿಕೊಂಡು, ಸಮಾಧಾನದಿಂದ ಮಾಡಿದೆ.

ಸಿಕ್ಕಿತು. ಚಿತ್ರದ ನಡುವೆ ಶೇಂಗಾ ಹೊಟ್ಟಿನ ಗುಪ್ಪೆಯಂಥದೇನೋ ಇತ್ತು, ಅದರ ಮೇಲೆ ಗುಂಡುಪಿನ್ನಿನ ತಲೆಯಷ್ಟು ನೀಲಿ. ನೀಲಕಂಠವೆಂದು ಹೊಳೆದು ಕುರ್ಚಿಯನ್ನು ಮುಂದೆ ಎಳೆದುಕೊಂಡೆ. ಆದರೆ ಇಷ್ಟು ಸಣ್ಣ ಹಕ್ಕಿ, ಇಷ್ಟು ದೊಡ್ಡ ಗುಪ್ಪೆ, ಇದನ್ನು ಯಾರು ನೋಡುತ್ತಾರೆ ಎಂದು ಧೈರ್ಯ ತಂದುಕೊಂಡೆ. ನನ್ನ ಬಾತನ್ನೂ ಅದನ್ನೂ ಈರಣ್ಣನಿಗೆ ಕಳಿಸಿದೆ. ಆ ಸಂಜೆ ನಾನೇ ಬಜಾರಿಗೆ ಹೋಗಿ ಮಿರ್ಚಿ ಭಜಿ ಕಟ್ಟಿಸಿಕೊಂಡು ದಾದುನ ಅಂಗಡಿಗೆ ಹೋದೆ. ಅವನು ಸೂಜಿಗೆ ದಾರ ಹಾಕುತ್ತಲೇ, ಇವತ್ತೇನು ಇಷ್ಟು ಪ್ರೀತಿ ಎಂದು ಕೇಳಿದ. ನಾನು ಇನ್ನೊಂದು ಭಜಿಯನ್ನು ಅವನ ಮುಂದೆ ಸರಿಸಿದೆ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಕ್ಯಾಲೆಂಡರ್ ಬಂದಿದೆ ಎಂದು ಈರಣ್ಣ ಫೋನ್ ಮಾಡಿದ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಸುರುಳಿ ಬಿಚ್ಚಿದೆ. ಬಾತು ಇರಲಿಲ್ಲ. ಹೊಟ್ಟಿನ ಗುಪ್ಪೆ ಇತ್ತು. ಅಷ್ಟು ದೊಡ್ಡ ಹಾಳೆಯ ಮೇಲೆ ಆ ಗುಂಡುಪಿನ್ನಿನ ತಲೆ ಅಂಗೈಯಷ್ಟಾಗಿತ್ತು, ರೆಕ್ಕೆಗಳೆರಡೂ ಪೂರ್ತಿ ಬಿಚ್ಚಿದ್ದವು, ನಾನು ಮೂರು ಚಳಿಗಾಲ ಬೇಡಿದ ನೀಲಿಯೆಲ್ಲ ಅಲ್ಲಿತ್ತು. ಕೆಳಗೆ ದಾದುನ ಹೆಸರು.

ಈರಣ್ಣ ಸಮಾಧಾನ ಹೇಳಿದ. "ನಿಮ್ಮ ಬಾತುನೂ ಚಲೋ ಇತ್ರಿ ಸರ. ಆದ್ರ ಇದರಾಗ ನೋಡ್ರಿ, ಹಕ್ಕಿನೂ ಐತಿ, ಹೊಲಾನೂ ಐತಿ, ರೈತನೂ ಕುಂತಾನ."

ರೈತ ಎಲ್ಲಿದ್ದಾನೆಂದು ನನಗೆ ಕಾಣಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ. ಒಂದು ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು ಮೇಜಿನ ಮೇಲೆ ಒಗೆದೆ. ಹೆಂಡತಿ ಅದನ್ನು ಬಿಡಿಸಿ ನೋಡಿದಳು. ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿ ನಗುತ್ತ ಗೋಡೆಗೆ ಒರಗಿದಳು.

"ರೀ, ಇದು ನಿಮ್ಮ ಚಪ್ಪಲಿ ಅಲ್ಲೇನ್ರಿ? ಇಲ್ಲಿ ನೋಡ್ರಿ, ನಿಮ್ಮ ಕರೀ ಪ್ಯಾಂಟಿನ ತುಂಡು."

ನೋಡಿದೆ. ಹೊಟ್ಟಿನ ಗುಪ್ಪೆಯ ಬುಡದಿಂದ ನನ್ನ ಚಪ್ಪಲಿ ಹೊರಗೆ ಚಾಚಿತ್ತು. ಗುಪ್ಪೆಯೇ ನಾನು. ಆ ಕೌದಿಯನ್ನು ಒಳಗಿನಿಂದ ಬಿಟ್ಟು ಹೊರಗಿನಿಂದ ನಾನು ಎಂದೂ ನೋಡಿರಲಿಲ್ಲ, ಅದರಲ್ಲೂ ನಾನೇ ಒಳಗೆ ಇರುವಾಗ. ಹಕ್ಕಿಗಳ ಕಣ್ಣಿಗೆ ಮಣ್ಣೆರಚಲು ದಾದು ಹೊಲಿದದ್ದು ನನ್ನ ಕಣ್ಣಿಗೂ ಎರಚಿತ್ತು. ಚಿತ್ರದಲ್ಲಿ ನಾನು ಉದ್ದನೆಯ ಲೆನ್ಸನ್ನು ದೂರದ ಖಾಲಿ ತಂತಿಯ ಕಡೆ ಹಿಡಿದು ಕುಳಿತಿದ್ದೇನೆ. ನೀಲಕಂಠ ನನ್ನ ತಲೆಯ ಮೇಲಿಂದ ಹಾರುತ್ತಿದೆ.

ಆ ಬೆಳಗು ನೆನಪಾಯಿತು. ಕೊಪ್ಪೆಯ ಮೇಲೆ ಏನೋ ಹಗುರಾಗಿ ಬಿದ್ದಂತಾಗಿತ್ತು. ದಾದು ಹಿಂದಿನಿಂದ ಮಣ್ಣಿನ ಹೆಂಟೆ ಒಗೆದು ಕಾಡುತ್ತಿದ್ದಾನೆಂದು ತಿಳಿದು, ಒಂದು ಬೈಗುಳ ಬೈದು, ತಲೆ ಕೊಡವಿದ್ದೆ. ತಂತಿಯ ಮೇಲಿನ ಕಣ್ಣು ಮಾತ್ರ ತೆಗೆದಿರಲಿಲ್ಲ.

ಮರುದಿನ ದಾದುನ ಅಂಗಡಿಗೆ ಹೋದೆ. ಅವನು ಕ್ಯಾಲೆಂಡರನ್ನು ಹೊಲಿಗೆ ಯಂತ್ರದ ಎದುರಿಗೇ ತೂಗುಹಾಕಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನಿಗೂ ಅದೇ ಚಿತ್ರವನ್ನು ಕಳಿಸಬೇಕೆನ್ನಿಸಿತ್ತಂತೆ, ಮೂರು ವರ್ಷ ನೀಲಕಂಠಕ್ಕೆ ಕಾದ ನನಗೆ ನೋವಾದೀತೆಂದು ಬಾಯಿ ಬಿಟ್ಟಿರಲಿಲ್ಲವಂತೆ. ನೀನೇ ಆರಿಸಿ ಕಳಿಸಿದೆಯಲ್ಲ, ನಿನ್ನ ಮನಸ್ಸು ದೊಡ್ಡದು ಎಂದ. ಬೈದಿದ್ದರೆ ಎಷ್ಟೋ ಬೇಕಾಗಿತ್ತು. ಹೊಗಳಿಕೆಯನ್ನು ನುಂಗಿ ಸುಮ್ಮನೆ ಮನೆಗೆ ಬರಬಹುದಿತ್ತು, ನನಗೆ ಅಭ್ಯಾಸವೂ ಇದೆ. ಆದರೆ ಬಾಯಿ ತಾನಾಗಿ ಎಲ್ಲ ಹೇಳಿಬಿಟ್ಟಿತು. ಮಿಂಚುಳ್ಳಿಯನ್ನು ಬಚ್ಚಿಟ್ಟದ್ದು, ಕಳಪೆಯದನ್ನು ಹುಡುಕಿದ್ದು, ಆ ಸಂಜೆಯ ಭಜಿ, ಅಜ್ಜನ ಗಡಿಗೆಯವರೆಗೂ.

ದಾದು ಯಂತ್ರದ ಗಾಲಿ ಹಿಡಿದು ನಿಲ್ಲಿಸಿದ. ಇನ್ನು ಈ ಅಂಗಡಿಯ ಕಟ್ಟೆ ನನಗೆ ಮುಗಿಯಿತು ಎಂದುಕೊಂಡೆ.

"ಅದು ಬಂದು ನಿನ್ನ ತಲಿ ಮ್ಯಾಲೆ ಕುಂತಾಗ ನಾ ಹೇಳಬೇಕಿತ್ತಲೇ" ಎಂದ ಅವನು. "ಹೇಳಿದ್ರ ಹಾರಿ ಹೋಗತಿತ್ತು ಅಂತ ಎಲ್ಲಾರಿಗೂ ಹೇಳಬಹುದು. ಖರೆ ಹೇಳಲೇನು? ನಿನಗ ಸಿಗಬಾರದು ಅನ್ನಿಸಿತು. ನಿನ್ನ ಆ ಉದ್ದನ್ನ ಲೆನ್ಸ್ ನೋಡಿದಾಗೊಮ್ಮೆ ನನ್ನ ಹೊಟ್ಯಾಗ ಏನ ಆಗತೈತಂತ ನಾ ಯಾವತ್ತರ ಹೇಳೇನೇನು?"

ನಾನು ಅವನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ಟೇಪನ್ನು ಸುತ್ತುತ್ತಿದ್ದ. ನನ್ನ ಮೇಲೂ ಒಬ್ಬನಿಗೆ ಹೊಟ್ಟೆಕಿಚ್ಚಿದೆ ಎಂದು ತಿಳಿದು ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅಜ್ಜ ಬದುಕಿದ್ದರೆ ಹೋಗಿ ಹೇಳಿಬರುತ್ತಿದ್ದೆ. ಅಂದು ನಾನು ಅವನಿಗೆ ಇನ್ನೊಂದು ಮಾತನ್ನೂ ಹೇಳಿದೆ. ತಲೆ ಕೊಡವಿದವನು ನಾನು, ಕೊಡವಿದ್ದಕ್ಕೇ ಅದು ರೆಕ್ಕೆ ಬಿಚ್ಚಿತು, ಹೀಗಾಗಿ ಆ ಚಿತ್ರದಲ್ಲಿ ಅರ್ಧ ಪಾಲು ನನ್ನದು ಎಂದು. ಅವನು ಒಪ್ಪಲಿಲ್ಲ. ಕೊಡವುವ ಮೊದಲೇ ಅದರ ಹೆಗಲು ತಗ್ಗಿತ್ತಂತೆ.

ಕ್ಯಾಲೆಂಡರಿನ ಎದುರು ನಾನು ಒಬ್ಬನೇ ನಿಂತಾಗ ದಾದುನ ಮೇಲೆ ಈಗ ಅಷ್ಟು ಕಿಚ್ಚು ಬರುವುದಿಲ್ಲ. ಆ ಕೌದಿಯೊಳಗೆ ಕುಳಿತವನ ಮೇಲೆ ಬರುತ್ತದೆ. ನೀಲಕಂಠ ತಾನಾಗಿ ಬಂದು ಕೂರಲು ಅವನ ತಲೆಯನ್ನೇ ಆರಿಸಿಕೊಂಡಿತು, ಅವನು ಬೈದು ಓಡಿಸಿದ.

ಈ ಚಳಿಗಾಲದಲ್ಲಿ ನಾವು ಜಾಗ ಬದಲಿಸಿದ್ದೇವೆ. ದಾದುಗೆ ನನ್ನ ಲೆನ್ಸು ಕೊಟ್ಟು, ಕೌದಿ ಹೊದಿಸಿ, ಮುಂದೆ ಹೊಲದಲ್ಲಿ ಕೂರಿಸುತ್ತೇನೆ. ಅವನಿಗೆ ಬಹಳ ಖುಷಿ, ಆ ಲೆನ್ಸನ್ನು ಕೂಸಿನ ಹಾಗೆ ಹಿಡಿದುಕೊಂಡು ಕೂರುತ್ತಾನೆ. ಮಾಸ್ತರ ಬದಲಾಗಿದ್ದಾನೆ ಎಂದು ಬಜಾರದಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ನಾನು ಅವನ ಲಾಡಿ ಪಟ್ಟಿಯ ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಿಂದಿನ ಬದುವಿನ ಮೇಲೆ ಕೂತು, ಕಣ್ಣು ಮಿಟುಕಿಸದೆ ಅವನ ತಲೆಯನ್ನೇ ನೋಡುತ್ತಿರುತ್ತೇನೆ. ಹತ್ತು ಭಾನುವಾರಗಳಾದವು. ಇನ್ನೂ ಒಂದು ಗುಬ್ಬಿಯೂ ಬಂದು ಕುಳಿತಿಲ್ಲ.